ಅಪ್ಪನ ಕಡೆಯ ಕೊಂಬೆ

ಡೊಂಬಿವಲಿ ಪೂರ್ವ,
ನವೆಂಬರ್ 21, 2010, ಭಾನುವಾರ

ಪ್ರೀತಿಯ ದೇಜಪ್ಪ ಭಾವನಿಗೆ, ಜಯಶೀಲನ ನಮಸ್ಕಾರಗಳು.

ಹೇಗಿದ್ದೀರಿ? ಬಹರೈನಿನಲ್ಲಿ ಈಗ ಸೆಕೆ ಇಳಿದು ಮನುಷ್ಯರು ಹಗಲಿನಲ್ಲಿ ಹೊರಗೆ ಬರುವ ಕಾಲ ಎಂದು ಅಕ್ಕ ಹೇಳಿದಳು. ಮೊಣಕಾಲು ಹೇಗಿದೆ? ಸಕ್ಕರೆ ಇನ್ನೂ ನಿಮ್ಮ ಚಹಾದಲ್ಲೇ ಇದೆಯೋ, ಬಡ್ತಿ ಸಿಕ್ಕಿ ರಕ್ತಕ್ಕೆ ಹೋಗಿದೆಯೋ? ಕ್ಯಾಂಟೀನಿನ ಅಷ್ಟೂ ಹೊಟ್ಟೆಗಳಿಗೆ ಬಡಿಸಿ ನೀವು ಊಟಕ್ಕೆ ಕೂರುವಾಗ ಸಾರು ತಣ್ಣಗಾಗಿರುತ್ತದೆ ಎಂಬುದು ಅಕ್ಕನ ದೂರು. ಮದುವೆಯಾದಂದಿನಿಂದ ನಿನ್ನ ಸಾರೂ ತಣ್ಣಗೇ ಇತ್ತಲ್ಲ ಎಂದದ್ದಕ್ಕೆ ಆ ದಿನ ನನಗೆ ಸಾರೇ ಸಿಗಲಿಲ್ಲ. ಉಳಿದಂತೆ ಇಲ್ಲಿ ಎಲ್ಲರೂ ಕ್ಷೇಮ. ನಾನು ಎಂದಿನಂತೆ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತೇನೆ, ಮಕ್ಕಳು ಎಂದಿನಂತೆ ಕಲಿಯುವುದಿಲ್ಲ. ಎರಡೂ ಬದಿ ತಾಳೆಯಾಗುತ್ತದೆ. ಅಕ್ಷರಗಳು ಯಾಕೆ ಒಂದೊಂದು ಇಡ್ಲಿಯಷ್ಟು ದಪ್ಪ ಇವೆ ಎಂದು ನೀವು ಹುಬ್ಬು ಗಂಟಿಕ್ಕಿರಬೇಕು. ಈ ಕಾಗದವನ್ನು ಪಕ್ಕದ ಮಂಚದ ಕುಂದಾಪುರದವನಿಂದ ಓದಿಸದೆ ನೀವೇ ಓದಬೇಕು ಎಂಬುದೊಂದೇ ಕಾರಣ. ಹೋದ ಎರಡು ಕಾಗದ ಅವನೇ ಓದಿದ್ದು ಎಂದು ನನಗೆ ಗೊತ್ತು. ನಾನು ಬರೆದ ನಗೆಮಾತಿಗೆ ನೀವು ಫೋನಿನಲ್ಲಿ ನಗಲಿಲ್ಲ, ಹಿಂದಿನಿಂದ ಅವನು ನಕ್ಕ. ಇದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮದು "ಹಾಂ, ಹಾಂ, ಆಯ್ತು, ಇಡ್ತೇನೆ" ಎಂಬ ನಾಲ್ಕೇ ಶಬ್ದದ ಭಾಷೆ. ಕಾಗದವನ್ನು ಇಟ್ಟರೂ ಅದು ಮಾತಾಡುತ್ತಲೇ ಇರುತ್ತದೆ.

ಮೊದಲು ನಿಮ್ಮ ಮಗಳು ಮಾನಸಿಯ ಸುದ್ದಿ. ನಿಮ್ಮ ಮಗಳು ಎಂದು ಉದಾರವಾಗಿ ಬರೆದಿದ್ದೇನೆ. ನಮ್ಮ ಅಳಿಯಸಂತಾನದ ಕಟ್ಟಿನ ಪ್ರಕಾರ ಮಕ್ಕಳು ತಾಯಿಯ ಬಳಿಗೆ, ಎಂದರೆ ಅವಳ ಕುಲಕ್ಕೆ, ಸೇರಿದವರು, ಸೋದರಮಾವನ ವಾರಸುದಾರರು. ಅಪ್ಪ ಎಂದರೆ ಮನೆಯಲ್ಲೇ ಇರುವ ಒಳ್ಳೆಯ ನೆಂಟ. ನೀವಂತೂ ನಮ್ಮ ಬಳಿಯವರೂ ಅಲ್ಲ, ಈಗ ನಮ್ಮ ಬಳಿ ಇರುವವರೂ ಅಲ್ಲ. ಕಾನೂನು ಎಂದೋ ಬದಲಾಗಿದೆ ನಿಜ, ಆದರೆ ಕುಟುಂಬದ ದೈವಕ್ಕೆ ಹರಕೆ ಸಲ್ಲಿಸುವಾಗ ಇವತ್ತಿಗೂ ನಿಮ್ಮ ಮಗಳು ನಿಲ್ಲುವುದು ನನ್ನ ಸಾಲಿನಲ್ಲಿ. ಆ ಹಕ್ಕಿನಿಂದಲೇ ಅವಳ ಬಗ್ಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ಅವಳು ಪಿಎಚ್.ಡಿ.ಗೆ ಹಿಡಿದಿರುವುದು ಕಣ್ಣಿನ ಪೊರೆ. ವಯಸ್ಸಾದ ಮೇಲೆ ಬರುವ ಈ ಪೊರೆ ಕೆಲವರಿಗೆ ಎಪ್ಪತ್ತರಲ್ಲಿ ಬಂದರೆ ಕೆಲವರಿಗೆ ನಲವತ್ತೈದಕ್ಕೇ ಯಾಕೆ ಬರುತ್ತದೆ, ಅದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಬದುಕಿನಿಂದ ಬಂದದ್ದೆಷ್ಟು ಎಂಬ ಹುಡುಕಾಟ. ದೇವರು ನಮ್ಮನ್ನು ಪೊರೆಯಲಿ ಎಂದು ತಲೆಮಾರಿನಿಂದ ಬೇಡಿಕೊಂಡಿದ್ದಕ್ಕೆ ಅವನು ಪೊರೆಯನ್ನೇ ಕೊಟ್ಟ ಎಂದು ನಾನು ಹೇಳಿದೆ. ಅವಳು ನಗಲಿಲ್ಲ, ಆದರೆ ತನ್ನ ಸೆಮಿನಾರಿನಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದಳು. ನನಗೆ ಅವಳು ತಿಳಿಸಿದ ಬಗೆ ನಿಮ್ಮಂಥ ಅಡುಗೆಯವರಿಗೆ ಚೆನ್ನಾಗಿ ಹಿಡಿಸುತ್ತದೆ. ಕಣ್ಣಿನೊಳಗಿನ ಮಸೂರ ಹಸಿ ಮೊಟ್ಟೆಯ ಬಿಳಿಯ ಹಾಗೆ, ಹೆಸರಿಗೆ ಬಿಳಿಯಾದರೂ ಆಚೆ ಬದಿ ಕಾಣುವಷ್ಟು ತಿಳಿ. ಬೆಂದರೆ ನಿಜವಾಗಿ ಬೆಳ್ಳಗಾಗುತ್ತದೆ, ಮತ್ತೆ ತಿಳಿಯಾಗುವುದಿಲ್ಲ. ಬಿಸಿಲು, ಬೀಡಿ, ಸಕ್ಕರೆ ಕಾಯಿಲೆ, ಕೆಲವು ಔಷಧಿ, ಎಲ್ಲವೂ ಸ್ವಲ್ಪ ಸ್ವಲ್ಪ ಬೇಯಿಸುತ್ತವೆ. ಹುಟ್ಟಿನಿಂದ ಬರುವುದು ಬೆಂಕಿಯಲ್ಲ, ಪಾತ್ರೆ; ಕೆಲವರದು ತೆಳು ತಳದ ಪಾತ್ರೆ, ಬೇಗ ಕಾಯುತ್ತದೆ. ಯಾವುದೋ ಒಂದೇ ಜೀನು ಕೂತು ತೀರ್ಪು ಬರೆಯುವುದಿಲ್ಲವಂತೆ, ಸಣ್ಣಪುಟ್ಟವು ಎಷ್ಟೋ ಸೇರಿ ಚಾಡಿ ಹೇಳುತ್ತವಂತೆ. ಅವಳ ಜೀನ್ಸ್ ಪ್ಯಾಂಟನ್ನು ಕಂಡರೆ ಆಗದ ಅಕ್ಕ ಈಗ ನೆರೆಮನೆಯವರಿಗೆ, "ನಮ್ಮವಳದ್ದು ಜೀನ್ಸಿನಲ್ಲೇ ಡಾಕ್ಟರೇಟು" ಎಂದು ಹೇಳಿಕೊಳ್ಳುತ್ತಾಳೆ.

ಇಂಥ ಹುಡುಕಾಟಕ್ಕೆ ಬೇಕಾದದ್ದು ಎರಡು: ರಕ್ತ ಮತ್ತು ಸಂಬಂಧ. ಯಾರಿಗೆ ಯಾವ ವಯಸ್ಸಿಗೆ ಪೊರೆ ಬಂತು, ಅವರಿಗೆ ಯಾರು ಏನಾಗಬೇಕು ಎಂದು ಮನೆಮನೆಯ ಮರ ಬರೆಯಬೇಕು. ಮಾನಸಿ ಹಿಡಿದದ್ದು ನಮ್ಮವರನ್ನೇ, ನವಿ ಮುಂಬಯಿಯ ಹೋಟೆಲುಗಳಲ್ಲಿರುವ ಕರಾವಳಿಯವರನ್ನು. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು, ಶಟರ್ ಅರ್ಧ ಇಳಿಸಿ ಎಲ್ಲರೂ ಈರುಳ್ಳಿ ಸುಲಿಯುತ್ತ ಕೂತಿರುವಾಗ ನಿಮ್ಮ ಮಗಳು ಬಗ್ಗಿ ಒಳಗೆ ಬರುತ್ತಾಳೆ. ತಾನೂ ಒಂದು ಚೂರಿ ಎತ್ತಿಕೊಂಡು ಈರುಳ್ಳಿಗೆ ಕೂರುತ್ತಾಳೆ. ಎಲ್ಲರ ಕಣ್ಣಲ್ಲೂ ನೀರು ಬಂದ ಮೇಲೆ ಕಣ್ಣಿನ ವಿಷಯ ಎತ್ತುತ್ತಾಳೆ. ಕುದಿಯುವ ಎಣ್ಣೆಯ ಮುಂದೆ ಅರ್ಧ ಆಯುಷ್ಯ ಕಳೆದ ಈ ವೀರರು ಸೂಜಿ ಕಂಡರೆ ಗೋಡೆಗೆ ಒರಗುತ್ತಾರೆ. ರಬಾಳೆಯಲ್ಲಿ ಹೋಟೆಲಿಟ್ಟಿರುವ ನಿಮ್ಮ ಹಳೆಯ ದೋಸ್ತ ಹರಿಶ್ಚಂದ್ರಣ್ಣ, "ಎಂತ ಮಾರಾಯ್ತಿ, ರಕ್ತ ತೆಗೆದ್ರೆ ಮತ್ತೆ ದೋಸೆ ಹುಯ್ಲಿಕ್ಕೆ ತಾಕತ್ತು ಉಂಟಾ?" ಎಂದರಂತೆ. "ಸೊಳ್ಳೆ ದಿನಾ ತೆಗೀತದೆ ಅಣ್ಣ, ಅದು ಒಂದು ಮಾತು ಕೇಳ್ತದಾ? ನಾನು ಕೇಳ್ತಾ ಇದ್ದೇನಲ್ಲ" ಎಂದಳಂತೆ ಇವಳು. ಕೇಳುವುದೂ ಸುಮ್ಮನೆ ಅಲ್ಲ. ಒಪ್ಪಿಗೆಯ ಕಾಗದವನ್ನು ಸಾಲುಸಾಲಾಗಿ ತುಳುವಿನಲ್ಲಿ ಹೇಳಿ, ಬೇಡ ಅಂದವರ ಜೊತೆ ಅದೇ ನಗುವಿನಲ್ಲಿ ಚಹಾ ಕುಡಿದು ಬರುತ್ತಾಳೆ. ಹಾಗೆ ಬೇಡ ಅಂದವರು ಮುಂದಿನ ವಾರ ತಾವೇ ತೋಳು ಮಡಚಿ ಕೂರುತ್ತಾರೆ. ಹರಿಶ್ಚಂದ್ರಣ್ಣನ ಕಣ್ಣನ್ನು ನೋಡಿ ಆಪರೇಷನ್‌ಗೆ ಕಳಿಸಿದವಳೂ ಅವಳೇ. ಪಟ್ಟಿ ಬಿಚ್ಚಿ ಹೋಟೆಲಿಗೆ ಬಂದ ಅವರು ಗೋಡೆ ನೋಡಿ ಬಾಗಿಲಲ್ಲೇ ನಿಂತು, "ಇಷ್ಟು ಕೊಳಕು ಹೋಟೆಲು ಯಾರದ್ದು?" ಎಂದು ಕೇಳಿದರು. ಮರುದಿನವೇ ಬಣ್ಣ ಬಳಿಸಿದ್ದಾರೆ.

ಇಷ್ಟೆಲ್ಲ ಜಾಣೆಯಾದ ನಿಮ್ಮ ಮಗಳು ಒಂದು ತಪ್ಪು ಮಾಡಿದಳು. ನಮ್ಮವಳಲ್ಲದೆ ಇನ್ನಾರೂ ಮಾಡಲಾರದ ತಪ್ಪು. ಊರಿನಲ್ಲಿ ಕುಟುಂಬದ ದೈವಸ್ಥಾನ ಹೊಸದಾಗಿ ಕಟ್ಟಿಸಿದಾಗಲೆಲ್ಲ ಒಂದು ಸ್ಮರಣಿಕೆ ಅಚ್ಚಾಗುತ್ತದಲ್ಲ, ನಡುಪುಟದಲ್ಲಿ ವಂಶವೃಕ್ಷ ಇರುವಂಥದ್ದು? ಪ್ರತಿ ಹೋಟೆಲಿನ ಗಲ್ಲಾದ ಹಿಂದೆಯೂ ಅದೊಂದು ಇತ್ತು. ಇವಳಿಗೆ ಹಬ್ಬ. ಆರೇಳು ತಲೆಮಾರಿನ ಮರ ಕುಂಡದಲ್ಲಿಟ್ಟು ಕೊಟ್ಟ ಹಾಗೆ ಸಿಕ್ಕಿತು. ಅದರ ಮೇಲೆಯೇ ಗುರುತು ಹಾಕುತ್ತ ಹೋಗಿ, ವರ್ಷದ ಕೊನೆಗೆ ತನ್ನ ಗೈಡ್ ಡಾ. ಸಂಕರ್ಷಣರ ಮೇಜಿನ ಮೇಲೆ ಹರಡಿದಳು. ಅವರು ಧಾರವಾಡದವರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿ, "ಏನವಾ ಮಾನಸಿ, ನಿಮ್ಮ ಕಡೆ ಮಂದಿಗೆ ಅಪ್ಪಂದಿರ ಇರೂದಿಲ್ಲೇನು? ಗಂಡಸರೆಲ್ಲಾ ಎಲ್ಲಿ ಹ್ವಾದರು?" ಎಂದರಂತೆ. ನಿಜ, ಭಾವ! ಆ ಮರಗಳಲ್ಲಿ ಅಜ್ಜಿ ಇದ್ದಳು, ಅಜ್ಜಿಯ ಅಣ್ಣ ಇದ್ದ, ತಾಯಿ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಇದ್ದರು. ಗಂಡಂದಿರು ಇರಲಿಲ್ಲ. ನಮ್ಮ ವಂಶವೃಕ್ಷದಲ್ಲಿ ಹೆಂಗಸು ಕೊಂಬೆ, ಗಂಡಸು ಎಲೆ, ಅವಳ ಗಂಡ ಮರಕ್ಕೆ ಬಂದು ಕೂತು ಹೋಗುವ ಹಕ್ಕಿ. ವಿಜ್ಞಾನ ಮಾತ್ರ ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಎಂದು ಪಟ್ಟು ಹಿಡಿದು ಕೂತಿದೆ. ಒಂದು ವರ್ಷದ ಕೆಲಸದಲ್ಲಿ ನಿಮ್ಮ ಮಗಳು ಅರ್ಧ ಮನುಷ್ಯರನ್ನು ಮಾತ್ರ ಬರೆದಿದ್ದಳು, ಅದು ಇವಳಿಗೆ ಹೊಳೆದಿರಲೇ ಇಲ್ಲ. ಯಾಕೆಂದರೆ ಅವಳ ಕಣ್ಣಿಗೆ ಆ ಮರ ಪೂರ್ತಿಯಾಗಿಯೇ ಕಂಡಿತ್ತು.

ನಾನಾಗಿದ್ದರೆ ಗೈಡನ್ನು ಬದಲಿಸುತ್ತಿದ್ದೆ. ಇವಳು, "ಸರ್, ನಾನೂ ಅದೇ ಮರದವಳು, ಅದಕ್ಕೆ ಕಾಣಲಿಲ್ಲ" ಎಂದು ಹೇಳಿ ಅದೇ ವಾರ ಕೋಪರಖೈರಣೆಯಿಂದ ಮತ್ತೆ ಶುರು ಮಾಡಿದಳು. ಮತ್ತದೇ ಶಟರು, ಅದೇ ಈರುಳ್ಳಿ. ಹರಿಶ್ಚಂದ್ರಣ್ಣ, "ಅಪ್ಪನ ಕಡೆಯವರಾ? ಅವರು ನೆಂಟರಲ್ವಾ ಮಾರಾಯ್ತಿ, ಅವರ ಕಣ್ಣಿನ ಲೆಕ್ಕ ನಾನ್ಯಾಕೆ ಇಟ್ಕೊಳ್ಳುದು?" ಎಂದು ಮುಗ್ಧವಾಗಿ ಕೇಳಿದರಂತೆ. ಆಮೇಲೆ ಅಲ್ಲೇ ಕೂತು, ಅಪ್ಪನ ತಮ್ಮನಿಗೆ ಎಷ್ಟೋ ವರ್ಷದ ಮೇಲೆ ಫೋನು ಮಾಡಿ, ಕಣ್ಣು ಹೇಗಿದೆ ಎಂದು ಕೇಳಿ, ಆಚೆಯವರು ಅತ್ತದ್ದಕ್ಕೆ ತಾವೂ ಅತ್ತು, ಈರುಳ್ಳಿಯನ್ನು ಬೈದರಂತೆ. ಬೇಲಾಪುರದ ಕ್ಯಾಂಟೀನುಗಳಲ್ಲೂ ಇದೇ ಕಥೆ. ನನಗೆ ಅನಿಸುತ್ತದೆ, ಡಾಕ್ಟರೇಟ್ ಸಿಗಲಿ ಬಿಡಲಿ, ಈ ಹುಡುಗಿ ನವಿ ಮುಂಬಯಿಯ ಎಷ್ಟೋ ಜನರಿಗೆ ಅವರವರ ಅಪ್ಪನ ಮನೆಯ ದಾರಿ ತೋರಿಸಿದ್ದಾಳೆ.

ಕೊನೆಗೆ ಉಳಿದದ್ದು ನಮ್ಮ ಮನೆ. ನಮ್ಮ ಅಜ್ಜಿಗೆ ಪೊರೆ ಬಂದಿತ್ತೆಂದು ನಾವೂ ಆ ಅಧ್ಯಯನದಲ್ಲಿದ್ದೇವೆ. ಸ್ವಂತ ಮನೆಯೆಂದು ಮಾನಸಿ ದೂರ ನಿಂತಳು, ಬೇರೆ ವಿದ್ಯಾರ್ಥಿ ನಮ್ಮ ರಕ್ತ ತೆಗೆದ. ಆದರೆ ಅಪ್ಪನ ಕಡೆಯನ್ನು ತುಂಬಿಸಲು ಅವನಿಗೆ ಹೇಳುವವರು ಯಾರು? ಶ್ರಾವಣದ ಒಂದು ಭಾನುವಾರ ಇವಳೇ ನಕ್ಷೆ ಹಿಡಿದು ನಮ್ಮಲ್ಲಿಗೆ ಬಂದಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಪೊರೆ ಬಂದವರಿಗೆ ಕಪ್ಪು ಬಣ್ಣ. ಒಂದು ಬದಿ ಪೂರ್ತಿ ನಮ್ಮವರ ಜಾತ್ರೆ. ಇನ್ನೊಂದು ಬದಿಯಲ್ಲಿ ನಿಮ್ಮದೊಂದೇ ಚೌಕ, ಹೊಸ ಬಡಾವಣೆಯ ಮೊದಲ ಮನೆಯ ಹಾಗೆ. "ಮಾಮ, ಪಪ್ಪನ ಪಪ್ಪನಿಗೆ ಕಣ್ಣು ಯಾವಾಗ ಹೋದದ್ದು? ಮಮ್ಮಿ ಹತ್ರ ಕೇಳಿದ್ರೆ ಮಾತು ಬದಲ್ ಮಾಡ್ತಾಳೆ" ಎಂದಳು. ನನಗೆ ಗೊತ್ತಿದ್ದದ್ದು ನೀವೇ ಹೇಳಿದ್ದು. ಅಕ್ಕನ ಸೀಮಂತದ ಊಟ ಮುಗಿದು ನಾವಿಬ್ಬರೂ ಹೊರಗೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಾಗ ಹೇಳಿದಿರಿ: ನಿಮ್ಮ ತಂದೆ ಮಾಪಣ್ಣನವರು ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ದೈವದ ಬನದ ಅಂಚಿನಲ್ಲಿದ್ದ ಮರವೊಂದನ್ನು ಕಡಿದು ಮನೆಯ ಜಂತಿಗೆ ಹಾಕಿದರು. ಸ್ವಲ್ಪ ಸಮಯಕ್ಕೇ ಕಣ್ಣು ಮಂಜಾಯಿತು, ಐವತ್ತಕ್ಕೆ ಪೂರ್ತಿ ಹೋಯಿತು. ದೈವದ ಮರ ಮುಟ್ಟಿದವನ ಕಣ್ಣು ಎಂದು ಊರೆಲ್ಲ ಆಡಿತು, ಅವರೂ ಅದನ್ನೇ ನಂಬಿದರು. ಆಪರೇಷನ್ ಮಾಡಿಸಿದರೆ ಇನ್ನೊಂದು ತಪ್ಪಾದೀತೆಂದು ಹೆದರಿ ಗೋಡೆಗೆ ಮುಖ ಮಾಡಿ ಕೂತೇ ಹೋದರು. ಇಷ್ಟು ಹೇಳಿ ನೀವು ಒಳಗೆ ಅಕ್ಕ ಕೂತಿದ್ದ ಕಡೆ ನೋಡಿ, "ಏನಿದ್ರೂ ನನ್ನ ಮಗುವಿಗೆ ಅದು ತಾಗ್ಲಿಕ್ಕಿಲ್ಲ ಮಾರಾಯ. ಅದು ನಿಮ್ಮ ಬಳಿಯದ್ದಲ್ವಾ?" ಎಂದಿರಿ. ತಲೆಯ ಮೇಲಿನ ಮೂಟೆ ಇಳಿಸಿದವರ ಹಾಗೆ ಉಸಿರು ಬಿಟ್ಟಿರಿ. ಇದಿಷ್ಟನ್ನೂ ಮಾನಸಿಗೆ ಹೇಳಿದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. "ಮಾಮ, ಇದನ್ನು ಪಪ್ಪನಿಗೆ ಕೈಸೆ ಹೇಳುದು?" ಎಂದಳು.

ಆಮೇಲೆ ಯಾರಿಗೂ ಹೇಳದೆ ಕಲ್ಯಾಣ್ ಊರಿಗೆ ಹೋಗಿ ಜಯಲತಾರನ್ನು ಹುಡುಕಿದಳು. ಹೌದು, ನಿಮ್ಮ ಅತ್ತೆಯ ಮಗಳು, ಒಂದು ಕಾಲದಲ್ಲಿ ಮದುವೆಗೆಂದು ನಿಮಗೆ ಕೇಳಿದ್ದ ಹುಡುಗಿ, ಎದುರಾದರೆ ನೀವು ಪ್ಲಾಟ್‌ಫಾರ್ಮ್ ಬದಲಿಸುವ ಆ ಜಯಲತಾ. ಅವರೇನೂ ಕೋಪದಲ್ಲಿಲ್ಲ, ಪತ್ರೊಡೆ ಮಾಡಿ ಬಡಿಸಿದರಂತೆ. ಅವರಿಗೂ ನಲವತ್ತನಾಲ್ಕಕ್ಕೆ ಪೊರೆ, ಆಪರೇಷನ್ ಆಗಿ ಈಗ ಸೂಜಿಗೆ ನೂಲು ಪೋಣಿಸುತ್ತಾರೆ. ಅವರ ತಾಯಿ, ಎಂದರೆ ಮಾಪಣ್ಣನವರ ಅಕ್ಕ, ಅವರ ಕಣ್ಣೂ ಹೋಗಿತ್ತು. ಯಾವಾಗ ಎಂದು ಮಾನಸಿ ಕೇಳಿದಾಗ ಬಂದ ಉತ್ತರವನ್ನು ಅವಳು ನನಗೆ ಹಾಗೆಯೇ ಒಪ್ಪಿಸಿದಳು: "ಮಾಮ ಮರ ಕಡಿಯುವ ಮೊದಲೇ ಹೋಗಿತ್ತು ಮಗಾ. ಹೆಂಗಸಲ್ವಾ, ಒಲೆಯ ಹೊಗೆಗೆ ಹೋಯ್ತು ಅಂದ್ರು. ಅದನ್ನು ಯಾರೂ ಲೆಕ್ಕಕ್ಕೆ ತಕೊಳ್ಳಲಿಲ್ಲ." ಓದಿದಿರಾ, ಭಾವ? ಇನ್ನೊಮ್ಮೆ ಓದಿ, ಅಕ್ಷರ ದಪ್ಪವಾಗಿಯೇ ಇದೆ. ಒಬ್ಬ ಮನುಷ್ಯನ ಕಣ್ಣು ಇದರಿಂದಲೇ ಹೋಯಿತು ಎಂದು ವಿಜ್ಞಾನ ಆಣೆ ಹಾಕಿ ಹೇಳುವುದಿಲ್ಲವಂತೆ. ಬಿಸಿಲಿನಲ್ಲಿ ಮರದ ತುದಿಯಲ್ಲಿ ಕಳೆದ ಆಯುಷ್ಯವೂ ಸೇರಿರಬಹುದು. ಆದರೆ ಮಾನಸಿಯ ಮಾತು ಇದು: "ಅಜ್ಜ ಆ ಮರ ಮುಟ್ಟದಿದ್ರೂ ಅವರ ಕಣ್ಣು ಉಳೀತಿತ್ತು ಅಂತ ನನಗೆ ಅನಿಸೂದಿಲ್ಲ ಮಾಮ. ಅಷ್ಟು ವರ್ಷ ಸುಮ್ಮನೆ ಗೋಡೆ ನೋಡಿದ್ರು." ಇಷ್ಟು ದಿನ ಮಾಪಣ್ಣನವರ ಪರವಾಗಿ ಮಾತಾಡಲು ಒಬ್ಬರೂ ಇರಲಿಲ್ಲ. ಕಂಡಿಲ್ಲದ ಅಜ್ಜನಿಗೆ, ಬೇರೆ ಬಳಿಯ ಮೊಮ್ಮಗಳು ವಕೀಲಳಾಗಿ ನಿಂತಳು. ನನ್ನ ವಾರಸುದಾರಳೆಂದು ಇಷ್ಟು ವರ್ಷ ಜಂಬಪಟ್ಟದ್ದು ಆ ದಿನ ಸ್ವಲ್ಪ ಸಣ್ಣದಾಗಿ ಕಂಡಿತು. ಅವಳು ನಿಮ್ಮ ಮಗಳೂ ಹೌದು.

ಈಗ ನಿಮ್ಮ ವಿಷಯ. ಮೇ ತಿಂಗಳ ರಜೆಯಲ್ಲಿ ನೀವು ಡೊಂಬಿವಲಿಯಲ್ಲಿ ಲೋಕಲ್ ಟ್ರೈನಿನ ಹೆಂಗಸರ ಡಬ್ಬಿ ಹತ್ತಿದಿರಿ, ಒಳಗಿನ ಮರಾಠಿ ಹೆಂಗಸೊಬ್ಬಳು "ಓ ಕಾಕಾ, ಡೋಳೆ ಫುಟ್ಲೇ ಕಾ?", ಕಣ್ಣು ಒಡೆದಿದೆಯಾ ಎಂದು ಕೂಗಿದಳು, ನೀವು ಮನೆಗೆ ಬಂದು ರಶ್ಶಿನಲ್ಲಿ ತಳ್ಳಿದರು ಎಂದು ನಗಿಸಿದಿರಿ. ಡಬ್ಬಿಯ ಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರ ತಲೆಯಷ್ಟು ದೊಡ್ಡದಿರುತ್ತದೆ, ಭಾವ. ನಮ್ಮ ಚಿಕ್ಕಮ್ಮನ ಮಗ ಲತೇಶನ ನಿಶ್ಚಿತಾರ್ಥದಲ್ಲಿ ವಧುವನ್ನು ಬಿಟ್ಟು ಕೇಟರಿಂಗಿನ ಹುಡುಗಿಯ ತಲೆಗೆ ಅಕ್ಷತೆ ಹಾಕಿ "ದೀರ್ಘಸುಮಂಗಲಿ ಭವ" ಎಂದಿರಿ. ಎಲ್ಲರೂ ನಕ್ಕರು, ಆ ಹುಡುಗಿ ಕಾಲಿಗೂ ಬಿದ್ದಳು. ಮಾನಸಿ ನಗಲಿಲ್ಲ. ನೀವು ಯಾಕೆ ಮುಚ್ಚಿಡುತ್ತೀರಿ ಎಂದು ನಾನು ಮೊದಲು ತಪ್ಪಾಗಿ ತಿಳಿದಿದ್ದೆ, ಕೆಲಸ ಹೋದೀತೆಂಬ ಭಯ ಇರಬೇಕು ಎಂದು. ಈಗ ಅರ್ಥವಾಗಿದೆ. ದೋಷ ಬಳಿಯಲ್ಲಿ ಹರಿಯುವುದಾದರೆ ಅದು ನಿಮಗೇ ತಾಗಬಾರದಿತ್ತು. ನೀವು ನಿಮ್ಮ ತಾಯಿಯ ಬಳಿ, ಮಾಪಣ್ಣನವರದಲ್ಲ. ನಿಮ್ಮ ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಂಡರೆ ಅಪ್ಪನಿಂದ ಮಗನಿಗೆ ಬಂತು ಎಂದಾಗುತ್ತದೆ, ನಿಮ್ಮಿಂದ ಮಗಳಿಗೂ ಹೋದೀತು ಎಂದಾಗುತ್ತದೆ. ಸೀಮಂತದ ದಿನ ಇಳಿಸಿದ ಮೂಟೆ ಮತ್ತೆ ತಲೆಗೇರುತ್ತದೆ. ಅದಕ್ಕೆ, ನನಗೆ ಏನೂ ಆಗಿಲ್ಲ ಎಂದು ಹಟ ಹಿಡಿದು, ಮಗಳನ್ನು ಕಾಯಲೆಂದು ನೀವು ಕುರುಡರಾಗುತ್ತಿದ್ದೀರಿ. ಇಂಥ ಮೂರ್ಖ ಪ್ರೀತಿಯನ್ನು ನಾನು ಕಂಡಿಲ್ಲ. ತಮಾಷೆ ಮಾಡೋಣವೆಂದು ಎಷ್ಟು ಪ್ರಯತ್ನಿಸಿದರೂ ಇಲ್ಲಿ ಪೆನ್ನು ಒಪ್ಪುವುದಿಲ್ಲ.

ದೈವದ ಮೇಲಿನ ಭಯವನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ನನಗೂ ಇದೆ. ಆದರೆ ಊರಿನವರೆಲ್ಲರ ಗದ್ದೆ, ಗಡಿ, ಜಗಳ ನೋಡಿಕೊಳ್ಳುವ ದೈವಕ್ಕೆ ಬಹರೈನಿನ ಕ್ಯಾಂಟೀನಿನವರೆಗೆ ಹುಡುಕಿಕೊಂಡು ಬರುವಷ್ಟು ಪುರುಸೊತ್ತು ಇದ್ದಂತಿಲ್ಲ. ಆಪರೇಷನ್ ಎಂದರೆ ಬೆಂದ ಮಸೂರ ತೆಗೆದು ತಿಳಿಯಾದದ್ದೊಂದನ್ನು ಇಡುವುದು. ದೊಡ್ಡ ಮಡಕೆಯಲ್ಲಿ ಅನ್ನ ಬೇಯುವುದರೊಳಗೆ ಮುಗಿಯುತ್ತದೆ. ಮೊದಲು ಕಣ್ಣು ನೋಡಿಸುವುದು, ಆಮೇಲೆ ಮನಸ್ಸಿದ್ದರೆ ರಕ್ತ ಕೊಡುವುದು. ಕೊಡದಿದ್ದರೂ ನಿಮ್ಮ ಮಗಳು ಅದೇ ನಗುವಿನಲ್ಲಿ ಚಹಾ ಕುಡಿಯುತ್ತಾಳೆ. ಜಯಲತಾರೂ ಪತ್ರೊಡೆಗೆ ಕರೆದಿದ್ದಾರೆ. ಈ ಸಲ ಪ್ಲಾಟ್‌ಫಾರ್ಮ್ ಬದಲಿಸಬೇ‌ಡಿ.

ಅಕ್ಕ ನಿಮ್ಮನ್ನು ತುಂಬ ಕೇಳಿದ್ದಾಳೆ, ಸಾರಿನ ವಿಷಯ ಮಾತ್ರ ನಾನು ಬರೆದೆನೆಂದು ಹೇಳಬೇಡಿ. ಲತೇಶ ಕಾಲು ಮುಟ್ಟಿ ನಮಸ್ಕಾರ ತಿಳಿಸಿದ್ದಾನೆ. ಅವನ ಮದುವೆಯಲ್ಲಿ ಅಕ್ಷತೆ ಸರಿಯಾದ ತಲೆಗೆ ಬೀಳಲಿ ಎಂಬುದು ಅವನ ಪ್ರಾರ್ಥನೆ. ಕುಂದಾಪುರದವನಿಗೆ ನನ್ನ ನೆನಪು ಹೇಳಿ, ನನ್ನ ಕಾಗದ ಓದಿ ನಕ್ಕವನು ಅವನೊಬ್ಬನೇ. ಆರೋಗ್ಯ ನೋಡಿಕೊಳ್ಳಿ, ಬಿಸಿಲಿಗೆ ಹೋಗುವಾಗ ಟೊಪ್ಪಿ ಹಾಕಿ.

ಎಂದೆಂದೂ ನಿಮ್ಮ ಕಾಲೆಳೆಯುವ,
ಭಾವಮೈದುನ
ಜಯಶೀಲ

ಮ.ವಿ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಹೊಸ ಯಂತ್ರ ಮಾನಸಿಯ ವಿಭಾಗಕ್ಕೆ ಬಂದಾಗ ವಿದ್ಯಾರ್ಥಿಗಳು ಒಬ್ಬರದನ್ನು ಒಬ್ಬರು ನೋಡಿಕೊಂಡರಂತೆ. ಅವಳ ಎಡಗಣ್ಣಿನ ಮಸೂರದಲ್ಲಿ ಒಂದು ಚುಕ್ಕೆ ಇದೆ. ಸಾಸಿವೆಯಷ್ಟೂ ಇಲ್ಲ. ಇಂಥದ್ದು ಎಷ್ಟೋ ಜನರಿಗೆ ಇರುತ್ತದೆ, ಜನ್ಮವಿಡೀ ಹಾಗೇ ಇದ್ದುಬಿಡಬಹುದು ಎಂದು ಡಾಕ್ಟರು ಹೇಳಿದ್ದಾರೆ; ನಿಮ್ಮ ಕಣ್ಣನ್ನು ನೋಡಿದರೆ ಅವಳದರ ಜಾತಕವೂ ಸ್ವಲ್ಪ ತಿಳಿದೀತಂತೆ. ಅಕ್ಕನಿಗೆ ಗೊತ್ತಿಲ್ಲ. ನಿಮಗೂ ಹೇಳಕೂಡದು, ಪಪ್ಪ ತನ್ನನ್ನೇ ಬೈದುಕೊಳ್ಳುತ್ತಾರೆ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಮುರಿದೆ. ನಿಮ್ಮ ಕಣ್ಣಿಗಾಗಿ ನೀವು ಬರುವವರಲ್ಲ, ಅವಳ ಕಣ್ಣಿಗಾದರೆ ಬರುತ್ತೀರಿ. ಬೈದುಕೊಳ್ಳುವ ಮೊದಲು ಇದೊಂದು ಕೇಳಿ: ಆ ಸುದ್ದಿ ಹೇಳುವಾಗ ಅವಳು ಅಳಲಿಲ್ಲ. "ಮೂಗು ಮಮ್ಮಿದು, ಬಣ್ಣ ಅಜ್ಜಿದು, ಬಳಿ ನಿಮ್ದು, ಹುಟ್ಟಿದಾಗಿನಿಂದ ಎಲ್ರೂ ಇದೇ ಹೇಳುದು ಮಾಮ. ಇದೊಂದು ಪಪ್ಪಂದು" ಎಂದಳು. ಟಿಕೆಟ್ ಮಾಡಿಸಿ, ಭಾವ.